ಇಲ್ಲದ ಮನೆಯ ಕುಬಸ

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಅಂಗಡಿಗಳ ತಕ್ಕಡಿ, ಲೀಟರು, ಮೀಟರುಗಳೆಲ್ಲ ನನ್ನ ಕಣ್ಣ ಮುಂದೆ ಹಾದುಹೋಗಬೇಕು. ಒಂದು ಗ್ರಾಂ ತಪ್ಪಿದರೂ ಬಿಡುವವನಲ್ಲ ಎಂದು ವರ್ತಕರಿಗೆಲ್ಲ ಗೊತ್ತು. ಆದರೆ ಟಿ.ವಿ. ನೋಡುವ ಜನ ನನ್ನನ್ನು ದಂಗುಬಡಿಸುವುದನ್ನು ಮಾತ್ರ ಯಾವ ಕಾಯ್ದೆಯಿಂದಲೂ ತಡೆಯಲಾಗಿಲ್ಲ. ಒಂದು ಊರಿನ ಆಘಾತದಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಮುಂದಿನ ಊರಲ್ಲಿ ಇನ್ನೊಂದು ಕಾದಿರುತ್ತದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಒಬ್ಬ ವಯಸ್ಸಾದ ಫಾದರ್ ಶನಿವಾರ ಪ್ರೊಜೆಕ್ಟರ್ ಹಚ್ಚಿ ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ನಡುವೆ ನಿಲ್ಲಿಸಿ, "ಬೆಳಕು ಎಲ್ಲಿಂದ ಬಂತು? ಅವಳು ಯಾಕೆ ಮಾತಾಡಲಿಲ್ಲ?" ಎಂದು ಕೇಳುತ್ತಿದ್ದರು. ಚಿತ್ರವನ್ನು ಬೆನ್ನು ನೆಟ್ಟಗೆ ಮಾಡಿ ಕುಳಿತು ನೋಡಬೇಕು ಎಂಬುದು ಅಲ್ಲಿ ಕಲಿತ ಶಿಸ್ತು. ನನ್ನ ಹೆಂಡತಿ ಧಾರಾವಾಹಿಯನ್ನು ಅವರೆಕಾಯಿ ಸುಲಿಯುತ್ತ ನೋಡುತ್ತಾಳೆ. ನವನಗರದ ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಅದರ ಸಣ್ಣ ಸೊಸೆ ಅಳಲು ಶುರುಮಾಡಿದರೆ ನಾನು ದಿನಾ ಹೇಳುವುದು ಒಂದೇ ಮಾತು:

"ಅಂಥಾ ಮನೀನ ಇಲ್ಲ. ಅಂಥಾ ಸೊಸೀನೂ ಇಲ್ಲ. ಅದು ಪ್ಲೈವುಡ್."

"ಸಣ್ಣಗ ಮಾತಾಡ್ರಿ," ಅನ್ನುತ್ತಾಳೆ ಹೆಂಡತಿ. "ಮೊದ್ಲ ನೊಂದಾಳ. ಅಕಿಗೆ ಕೇಳಿಸೀತು."

ಈ ಜಗಳದ ನಡುವೆ ನಮ್ಮ ಮನೆಗೊಂದು ಖರೇ ಚಿಂತೆ ಬಂದು ಕೂತಿತ್ತು. ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಹುನಗುಂದದವಳು. ತಾನೇ ಮೆಚ್ಚಿದವನನ್ನು ಮದುವೆಯಾದಳೆಂದು ತಾಯಿ ಮಾತು ಬಿಟ್ಟಿದ್ದಳು. ತಂದೆ ಇಲ್ಲ, ಇರುವವಳು ತಾಯಿಯೊಬ್ಬಳೇ. ಈಗ ಹುಡುಗಿಗೆ ಏಳನೆಯ ತಿಂಗಳು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಂದು ಉಡಿ ತುಂಬಿ ಕುಬಸ ಮಾಡಬೇಕು. "ನಾವು ಮಾಡ್ತೀವಿ ಬಾ" ಎಂದು ನನ್ನ ಹೆಂಡತಿ ಕರೆದರೆ ಹುಡುಗಿ ಒಪ್ಪಲಿಲ್ಲ. "ಅವ್ವ ಬಂದ್ರ ಕುಬಸ. ಇಲ್ಲಂದ್ರ ಬ್ಯಾಡ್ರಿ ಅಕ್ಕಾರ" ಅಂದುಬಿಟ್ಟಳು. ತಾಯಿ ಬರುವ ಲಕ್ಷಣ ಇರಲಿಲ್ಲ. ತಿಂಗಳು ಮಾತ್ರ ಯಾರಿಗೂ ಕಾಯದೆ ಏರುತ್ತಿತ್ತು.

ಹಾಲಿನ ವಿಷ, ಪಾಯಸದ ವಿಷ

ಆ ದಿನಗಳಲ್ಲಿ ಒಮ್ಮೆ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಮೀಟರ್ ಪಟ್ಟಿ ಪರೀಕ್ಷಿಸುತ್ತಿದ್ದೆ. ಗಾದಿಯ ಮೇಲೆ ಮಾಲೀಕರು, ಬಾಯಲ್ಲಿ ಎಲೆ ಅಡಿಕೆ. ಒಬ್ಬ ಹೆಣ್ಣುಮಗಳು ಬಂದು ಕೂತಳು. ಬಣ್ಣ ಹೇಳಲಿಲ್ಲ, ದಡಿ ಹೇಳಲಿಲ್ಲ, ಹತ್ತಿಯೋ ರೇಷ್ಮೆಯೋ ಹೇಳಲಿಲ್ಲ.

"ಸಣ್ಣ ಸೊಸಿಗೆ ವಿಷಾ ಹಾಕುಮುಂದ ಅತ್ತಿ ಉಟ್ಟಿದ್ಲಲ್ಲರಿ, ಅಂಥಾದ್ದು ತೋರಸ್ರಿ," ಅಂದಳು.

ನನ್ನ ಕೈಯಿಂದ ಪಟ್ಟಿ ಜಾರಿತು. ಸರ್ಕಾರಿ ನೌಕರನಾದ ನನಗೆ ಮೊದಲು ಹೊಳೆದದ್ದು ಹತ್ತಿರದ ಪೊಲೀಸ್ ಠಾಣೆ. ಮಾಲೀಕರು ಮಾತ್ರ ಎಲೆ ಜಗಿಯುವುದನ್ನೂ ನಿಲ್ಲಿಸದೆ ಕೇಳಿದರು:

"ಯಾವ ವಿಷಾ ಯವ್ವಾ? ಹಾಲಿನಾಗ ಹಾಕಿದ್ದೋ, ಪಾಯಸದಾಗ ಹಾಕಿದ್ದೋ?"

"ಹಾಲಿನಾಗ್ರಿ."

"ಹಾಲಂದ್ರ ಹಸರು," ಎಂದು ಹಿಂದಿನ ಕಪಾಟಿಗೆ ಕೈ ಹಾಕಿದರು.

ನನಗೆ ತಡೆಯಲಾಗಲಿಲ್ಲ. "ಅಲ್ಲವ್ವಾ, ಮನೀ ಮುರಿಯಾಕಿ ಉಟ್ಟ ಸೀರಿ ನಿನಗ್ಯಾಕ ಬೇಕು?"

"ಅಕಿ ಗುಣಾ ಕೆಟ್ಟದ್ದಿದ್ರ ಸೀರಿ ಏನ್ ಮಾಡೇತ್ರಿ ಪಾಪ?"

ಹೆಣ್ಣುಮಗಳು ಸೀರೆ ಕಟ್ಟಿಸಿಕೊಂಡು ಹೋದ ಮೇಲೆ ಮಾಲೀಕರು ನನ್ನ ಕಡೆ ಬಾಗಿ, ಗುಟ್ಟು ಹೇಳುವಂತೆ ಹೇಳಿದರು: "ಪಾಯಸದ್ದು ಕೇಳಿದ್ರ ಮಾನಾ ಹೋಗ್ತಿತ್ತರಿ ಸಾಹೇಬ್ರ. ಅದಿನ್ನೂ ಮಗ್ಗದ ಮ್ಯಾಲೆ ಐತಿ."

ಆ ಮುಖ

ಇಂಥ ಜನರ ನಡುವೆ ನನಗೆ ಸಮಾಧಾನ ಕೊಡುತ್ತಿದ್ದದ್ದು ಒಂದು ಹಳೆಯ ಕಪ್ಪು-ಬಿಳುಪು ಚಿತ್ರ. ಬಾದಾಮಿಯ ಗುಡ್ಡಗಳಲ್ಲಿ ತೆಗೆದದ್ದು. ಅದರಲ್ಲಿ ಊರಿನ ಜನ ದಂಡಿಗೆ ಹೆದರಿ ಗುಡ್ಡ ಹತ್ತಿ ಓಡುತ್ತಾರೆ. ಆ ಗುಂಪಿನಲ್ಲಿ ಒಬ್ಬ ಹರೆಯದ ಹೆಣ್ಣುಮಗಳು ಗಕ್ಕನೆ ನಿಂತು ಹಿಂದೆ ತಿರುಗಿ ನೋಡುತ್ತಾಳೆ. ಅಷ್ಟೇ. ನಮ್ಮ ಫಾದರ್ ಆ ಮುಖದ ಮೇಲೆ ಪ್ರೊಜೆಕ್ಟರ್ ನಿಲ್ಲಿಸಿ, "ನೋಡಿ, ಇದು ಇಡೀ ಮನುಕುಲದ ದುಃಖ" ಎಂದಿದ್ದರು. ಅಂದಿನಿಂದ ಬದುಕಿನಲ್ಲಿ ಎಂಥ ಕಷ್ಟ ಬಂದರೂ ನಾನು ಆ ಮುಖವನ್ನು ನೆನೆಸಿಕೊಂಡು ಧೈರ್ಯ ತಂದುಕೊಂಡಿದ್ದೇನೆ.

ಬಾದಾಮಿಗೆ ಕೆಲಸದ ಮೇಲೆ ಹೋದಾಗಲೆಲ್ಲ ಮಧ್ಯಾಹ್ನದ ಊಟಕ್ಕೆ ಚೊಳಚಗುಡ್ಡಕ್ಕೆ ಹೋಗುತ್ತೇನೆ. ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ, ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂಡುವ ಹೆಣ್ಣುಮಕ್ಕಳಲ್ಲಿ ಒಬ್ಬ ಅಜ್ಜಿ ನನಗೆ ಖಾಯಂ. ಅವತ್ತು ಪಕ್ಕದಲ್ಲಿ ಊಟಕ್ಕೆ ಕೂತವರಿಗೆ ನಾನು ಧಾರಾವಾಹಿಗಳ ದುರವಸ್ಥೆ ವಿವರಿಸುತ್ತ ಆ ಹಳೆಯ ಚಿತ್ರದ ಮಾತು ತೆಗೆದೆ. ಅಜ್ಜಿ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚುತ್ತ ಅಂದಳು:

"ಅದರಾಗ ನಾನೂ ಅದೀನಿ ತಮ್ಮಾ. ಹೊಳ್ಳಿ ನೋಡ್ತಾಳಲ್ಲ, ನಾನ ಅಕಿ."

ರೊಟ್ಟಿ ಕೆಳಗಿಟ್ಟು ಅವಳ ಮುಖ ನೋಡಿದೆ. ಸುಕ್ಕಿನ ಕೆಳಗೆ ಅದೇ ಕಣ್ಣು, ಅದೇ ಹುಬ್ಬು! ಎದ್ದು ಕೈ ಮುಗಿಯಬೇಕೆನಿಸಿತು. ಕೈಯಲ್ಲಿ ಚಟ್ನಿ ಇದ್ದುದರಿಂದ ಕೂತೇ ಕೇಳಿದೆ:

"ಆಗ ನಿಮ್ಮ ಮನಸಿನ್ಯಾಗ ಏನಿತ್ತಬೇ?"

"ಎಮ್ಮಿ."

"ಎಮ್ಮಿ?"

"ಕಟ್ಟೂದು ಮರತು ಬಂದಿದ್ನೆಪಾ. ಗುಡ್ಡದ ಮ್ಯಾಲಿಂದ ನೋಡ್ತೀನಿ, ಮಗ್ಗಲ ಮನಿಯವ್ರ ಜ್ವಾಳದಾಗ ನಿಂತು ಮೇಯಾಕತ್ತೈತಿ. ಈ ಕ್ಯಾಮರಾದಂವ ನೋಡಿದ್ರ 'ಮುಂದ ಓಡು, ಮುಂದ ಓಡು' ಅಂತಾನ. ಎಮ್ಮಿ ಹಿಂದೈತಿ, ನಾ ಮುಂದ ಹೆಂಗ ಓಡ್ಲಿ?"

ನನ್ನ ಮನುಕುಲದ ದುಃಖ ಚಟ್ನಿಯಲ್ಲಿ ಕರಗಿಹೋಯಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಆ ಚಿತ್ರ ನೋಡಿದ್ದೀರಾ ಎಂದು ಕೇಳಿದೆ.

"ಟೆಂಟಿನ್ಯಾಗ ನೋಡಿದೆ. ಛಲೋ ತಗದಾನ," ಅಂದಳು. ಆಮೇಲೆ ಬುಟ್ಟಿ ಮುಚ್ಚುತ್ತ ಸ್ವಲ್ಪ ಬೇಸರದಿಂದ ಸೇರಿಸಿದಳು: "ಆದ್ರ ಎಮ್ಮಿ ತೋರಿಸಿಲ್ಲ."

ನೆಟ್ ಹೋಗೇತಿ

ಆದರೂ ನಾನು ಸೋಲಲಿಲ್ಲ. ಒಳ್ಳೆಯದನ್ನು ತೋರಿಸಿದರೆ ಜನ ಒಳ್ಳೆಯದನ್ನು ನೋಡುತ್ತಾರೆ ಎಂದು ನಂಬಿ, ಒಂದು ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಒಂದು ಅಪ್ಪಟ ಹಳೆಯ ಚಿತ್ರ ಹಚ್ಚಿದೆ. ಬಂದವರು ನನ್ನ ಹೆಂಡತಿ, ಓಣಿಯ ನಾಲ್ಕಾರು ಹೆಣ್ಣುಮಕ್ಕಳು, ಮಹಡಿಯ ಹುಡುಗಿ.

ಚಿತ್ರದ ಕೊನೆಯಲ್ಲಿ ಮುನಿಸಿಕೊಂಡ ಮಗಳು ಮನೆ ಬಿಟ್ಟು ಹೋಗುತ್ತಾಳೆ. ತಾಯಿ ಬಾಗಿಲಲ್ಲಿ ನಿಲ್ಲುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಕ್ಯಾಮರಾ ಅಲುಗುವುದಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿ ಉಸಿರು ಹಿಡಿದು ಕೂತೆ. ನನ್ನ ಹೆಂಡತಿ ಎದ್ದು ಹೋಗಿ ಗೋಡೆಯ ಮೇಲಿನ ವೈಫೈ ಡಬ್ಬಿಯನ್ನು ಬಂದ್ ಮಾಡಿ ಮತ್ತೆ ಹಚ್ಚಿದಳು.

"ಏನ್ ಮಾಡಾಕತ್ತಿ?"

"ನೆಟ್ ಹೋಗೇತ್ರಿ. ಅಕಿ ಅಲ್ಲೇ ನಿಂತು ಬಿಟ್ಟಾಳ."

"ನೆಟ್ ಹೋಗಿಲ್ಲ! ಅಕಿ ನಿಂತಿದ್ದ ಖರೆ!"

"ಇಷ್ಟೊತ್ತು ಯಾರ್ ನಿಂದರ್ತಾರ್ರಿ? ಕಾಲು ನೋಯಂಗಿಲ್ಲ ಅಕಿಗೆ?"

ಎದುರು ಮನೆಯಾಕೆ, "ಮಗಳು ಹೊಳ್ಳಿ ಬರ್ತಾಳೋ ಇಲ್ಲೋ ಅಷ್ಟು ಹೇಳಿಬಿಡ್ರಿ ಸಾಹೇಬ್ರ, ಕುಕ್ಕರ್ ಇಟ್ಟು ಬಂದೀನಿ" ಅಂದರು.

"ಬರಂಗಿಲ್ಲ. ತಾಯೀನೂ ಕರಿಯಂಗಿಲ್ಲ. ಅದ ಈ ಚಿತ್ರದ ದೊಡ್ಡಸ್ತಿಕಿ," ಅಂದೆ.

ಎಲ್ಲರೂ ಆ ಮಗಳನ್ನು ನಾನೇ ಹೊರಗೆ ಹಾಕಿದಂತೆ ನನ್ನನ್ನು ನೋಡಿದರು. ಆಗ ಕೇಳಿಸಿತು, ಬಿಕ್ಕುವ ಸದ್ದು. ಮಹಡಿಯ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಮೆಟ್ಟಿಲು ಹತ್ತಿ ಹೋಗಿಬಿಟ್ಟಳು.

ಅವತ್ತು ಊಟ ಬಡಿಸುವಾಗ ಹೆಂಡತಿ ತೀರ್ಪು ಕೊಟ್ಟಳು: "ನಿಮ್ಮ ಸಿನಿಮಾ ದೊಡ್ಡದ ಇರಬೇಕ್ರಿ. ನಮ್ಮ ಧಾರಾವಾಹಿನೂ ಅಳಸ್ತೈತಿ. ಆದ್ರ ಅಳಸಿದ ಕೂಡ್ಲೆ ಜಾಹೀರಾತು ಹಾಕಿ ಕಣ್ಣೊರಸಿಕೊಳ್ಳಾಕ ಬಿಡತೈತಿ."

ಹುನಗುಂದದ ತಕ್ಕಡಿ

ಹುಡುಗಿಯ ತಾಯಿ ಹುನಗುಂದದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಳು. ನನ್ನ ಮುಂದಿನ ತಪಾಸಣೆ ಹುನಗುಂದದ್ದೇ ಎಂದು ಗೊತ್ತಾದ ಕೂಡಲೇ ನನ್ನ ಹೆಂಡತಿ ಬೆನ್ನು ಬಿದ್ದಳು.

"ಅಕಿ ಅಂಗಡಿಗೂ ಹೋಗ್ತೀರಲ್ಲ. ಒಂದು ಮಾತು ಹೇಳ್ರಿ."

"ಡ್ಯೂಟಿ ಮ್ಯಾಲೆ ಮನೀ ಮಾತು ಆಡೂದಿಲ್ಲ. ನಾ ತಕ್ಕಡಿ ನೋಡಾಕ ಹೋಗೂದು."

"ನೋಡ್ರಿ ನೋಡ್ರಿ, ತಕ್ಕಡೀನ ನೋಡ್ರಿ. ಮೇಲಿಂದ ಹುಡುಗಿ ಅಳೂದು ಕೇಳಿಸಿದ್ರ ಅದನ್ನೂ ತೂಗಿ ನೋಡ್ರಿ."

ಆ ತಾಯಿಯ ಅಂಗಡಿಗೆ ಹೋದಾಗ ಮಧ್ಯಾಹ್ನ. ಅಂಗಡಿಯ ಮೂಲೆಯಲ್ಲಿ ಸಣ್ಣ ಟಿ.ವಿ., ಅದರಲ್ಲಿ ಹಿಂದಿನ ಸಂಜೆಯ ಧಾರಾವಾಹಿಯ ಮರುಪ್ರಸಾರ. ಅದೇ ಸಣ್ಣ ಸೊಸೆ, ಹಾಲಿನ ವಿಷದಿಂದ ಪಾರಾಗಿ ಈಗ ಬಸುರಿ. ಅವಳ ತಾಯಿಯೂ ಯಾವುದೋ ಸಿಟ್ಟಿಗೆ ಮಗಳ ಮೋರೆ ನೋಡುತ್ತಿಲ್ಲ. ನಾನು ತಕ್ಕಡಿಯ ಮೇಲೆ ನನ್ನ ತೂಕದ ಕಲ್ಲು ಇಟ್ಟೆ. ಅಂಗಡಿಯಾಕೆ ನನ್ನ ಕಡೆ ನೋಡಲೂ ಇಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗಳು.

"ನೋಡ್ರಿ ಸಾಹೇಬ್ರ, ಇಂಥಾಕಿನ್ನ ನೋಡೀರೇನು? ಮಗಳು ದಿನಾ ತುಂಬಿ ಕುಂತಾಳ, ಇಕಿ ಒಂದು ಬಳಿ ಒಯ್ದು ಕೊಡವಲ್ಲಳು! ಏನ್ ಹೆಣ್ಣೋ, ಏನ್ ಬಂಡೆಗಲ್ಲೋ! ಇಂಥಾಕಿ ಮಾರಿ ನೋಡಬಾರದು!"

ನಾನು ಬೆಚ್ಚಿಬಿದ್ದು ಅವಳ ಮುಖ ನೋಡಿದೆ, ಟಿ.ವಿ. ನೋಡಿದೆ, ಮತ್ತೆ ಅವಳ ಮುಖ ನೋಡಿದೆ. ಇಷ್ಟು ಪ್ರಾಮಾಣಿಕವಾದ ಕೋಪವನ್ನು ನನ್ನ ಇಡೀ ಸೇವೆಯಲ್ಲಿ ಕಂಡಿರಲಿಲ್ಲ. ನನ್ನ ನಿಯಮ ಏನಾಯಿತೋ, ಬಾಯಿಂದ ಮಾತು ಹೊರಬಿತ್ತು.

"ನಿಮ್ಮ ಮಗಳು ನಮ್ಮ ಮಹಡಿ ಮ್ಯಾಲೆ ಇರ್ತಾಳ್ರಿ. ಅಕಿಗೂ ಏಳರಾಗ ಬಿದ್ದೈತಿ."

ಟಿ.ವಿ.ಯಲ್ಲಿ ಸೊಸೆ ಅಳುತ್ತಿದ್ದಳು. ನಾನು ಭಾನುವಾರ ಹಚ್ಚಿದ ಚಿತ್ರದ ತಾಯಿಯಂತೆ ಅಂಗಡಿಯಾಕೆ ಅಲುಗಲಿಲ್ಲ. ಕೊನೆಗೆ ಆಕೆ ಗಡಸು ದನಿಯಲ್ಲಿ ಕೇಳಿದಳು:

"ನೀವು ತಕ್ಕಡಿ ನೋಡಾಕ ಬಂದೀರೋ, ನನ್ನ ನೋಡಾಕ ಬಂದೀರೋ?"

"ತಕ್ಕಡಿ ಸರಿ ಐತ್ರಿ," ಅಂದೆ.

ಆಕೆ ರಿಮೋಟ್ ತೆಗೆದುಕೊಂಡು ಟಿ.ವಿ. ದನಿ ಇನ್ನಷ್ಟು ಏರಿಸಿದಳು.

ನೋಟೀಸು

ಮುಂದಿನ ವಾರ ಒಂದು ಸಂಜೆ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಇಳಿದವಳು ಹುನಗುಂದದ ಆಕೆ. ತಲೆಯ ಮೇಲೆ ಬುತ್ತಿಯ ಗಂಟು, ಕಂಕುಳಲ್ಲಿ ಸೀರೆಯ ಪೊಟ್ಟಣ. ಹೆಂಡತಿ ಕೂಗಿದ ಕೂಗಿಗೆ ಮಹಡಿಯ ಹುಡುಗಿ ಮೆಟ್ಟಿಲವರೆಗೆ ಬಂದು, ಕಂಬ ಹಿಡಿದು ನಿಂತಳು.

"ಯಾಕ ಬಂದಿ?"

ತಾಯಿ ತಲೆಯ ಮೇಲಿನ ಗಂಟು ಇಳಿಸಲಿಲ್ಲ. "ಅಕಿ ಅವ್ವ ಹೋಗಲೇ ಇಲ್ಲ ನೋಡು. ಅದಕ್ಕ ನಾ ಬಂದೆ."

ಯಾರ ಅವ್ವ ಎಂದು ಹುಡುಗಿ ಕೇಳಲಿಲ್ಲ. ಕೆಳಗಿಳಿದು ಬಂದು ಗಂಟಿಗೆ ಕೈ ಹಚ್ಚಿದಳು. ಆಮೇಲೆ ಇಬ್ಬರೂ ಅತ್ತದ್ದಕ್ಕೆ ಜಾಹೀರಾತಿನ ಅಡ್ಡಿ ಇರಲಿಲ್ಲ.

ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿದರು. ಪೊಟ್ಟಣ ಬಿಚ್ಚಿದರೆ ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ. ನನ್ನ ಹೆಂಡತಿ ಕಣ್ಣರಳಿಸಿ, "ಅಯ್ಯ, ಹಾಲಿನ ವಿಷದ್ದು!" ಅಂದಳು. "ಹೌದ್ರಿ, ಅಂಗಡ್ಯಾಗ ಇದೊಂದ ಉಳಿದಿತ್ತು," ಎಂದು ತಾಯಿ ಹೆಮ್ಮೆಯಿಂದ ಮಗಳಿಗೆ ಉಡಿಸಿದಳು. ಗಾಬರಿಯಾದದ್ದು ನನಗೊಬ್ಬನಿಗೇ. ಬಳೆ ಇಟ್ಟರು, ಉಡಿ ತುಂಬಿದರು, ಹಾಡಿದರು. ಆರತಿಯ ಹೊತ್ತಿಗೆ ತಾಯಿ ಗಡಿಯಾರ ನೋಡಿ, "ಜಲ್ದಿ ಬೆಳಗ್ರಿ, ಏಳೂವರಿ ಆಗಾಕ ಬಂತು. ಅಕೀದೂ ಇವತ್ತ ಐತಿ" ಅಂದಳು.

ಟಿ.ವಿ. ಹಚ್ಚಿದರು. ನಿಜವೇ, ಆ ಇಲ್ಲದ ಮನೆಯ ಇಲ್ಲದ ಸೊಸೆಗೂ ಅವತ್ತೇ ಕುಬಸ. ಅವಳು ಬಾಗಿಲ ಕಡೆ ಕಣ್ಣು ನೆಟ್ಟು ಕೂತಿದ್ದಳು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ನಮ್ಮ ಹುಡುಗಿಯೂ ಕಣ್ಣು ನೆಟ್ಟಿದ್ದಳು. ಬಾಗಿಲು ತೆರೆಯಿತು. ಬಂದವಳು ತಾಯಿಯಲ್ಲ, ಹಾಲಿನ ಲೋಟ ಹಿಡಿದ ಅತ್ತೆ.

ಪಡಸಾಲೆಯಲ್ಲಿ ಹಾಹಾಕಾರ ಎದ್ದಿತು. ಹುನಗುಂದದ ಆಕೆಯಂತೂ ಎದ್ದೇ ನಿಂತಳು. ನಾನು ಸಮಾಧಾನ ಹೇಳಲು ಹೋದೆ:

"ಅಕಿ ಅವ್ವ ನಟೀರಿ, ಯವ್ವಾ. ಆ ಸಿಟ್ಟು ಖರೇದಲ್ಲ."

"ನಂದೇನ್ ಖರೇದಿತ್ತೇನ್ರಿ?"

ನಾನು ಟಿ.ವಿ. ಕಡೆ ಮುಖ ಮಾಡಿದೆ. ಆಕೆ ಬಿಡಲಿಲ್ಲ.

"ಸಾಹೇಬ್ರ, ನೀವು ಸರ್ಕಾರದವ್ರು. ಬ್ಯಾಳಿ ಒಂದು ಚಟಾಕು ಕಡಿಮಿ ಬಿದ್ರ ನಮಗ ನೋಟೀಸ ಕೊಡ್ತೀರಿ. ಅಕಿ ತಾಯಿತನದಾಗ ಇಷ್ಟು ಕಡಿಮಿ ಕೊಡಾಕತ್ತಾಳ. ಅಕಿಗೊಂದು ನೋಟೀಸ ಕೊಡಾಕ ಬರಂಗಿಲ್ಲೇನು?"

ಎಲ್ಲರೂ ನನ್ನ ಕಡೆ ತಿರುಗಿದರು. ಉಡಿ ತುಂಬಿದ ಹುಡುಗಿಯೂ ಆಸೆಯಿಂದ ನೋಡುತ್ತಿದ್ದಳು. ಕಾನೂನಿನ ಪ್ರಶ್ನೆ ಕೇಳಿದರೆ ಕಾನೂನಿನ ಉತ್ತರವನ್ನೇ ಕೊಡಬೇಕು ಎಂಬುದು ನನ್ನ ನಿಯಮ. ಬೆನ್ನು ನೆಟ್ಟಗೆ ಮಾಡಿ, ಯೋಚಿಸಿ, ಗಂಭೀರವಾಗಿ ಹೇಳಿದೆ:

"ಕೊಡಬಹುದಿತ್ತರಿ. ಆದ್ರ ಆ ಮನಿ ನನ್ನ ಹದ್ದಿನಾಗ ಬರಂಗಿಲ್ಲ."

ಆರತಿ ತಟ್ಟೆ ಹಿಡಿದಿದ್ದ ನನ್ನ ಹೆಂಡತಿ ಅದನ್ನು ನಿಧಾನಕ್ಕೆ ಕೆಳಗಿಟ್ಟಳು.

"ಕೇಳಿದ್ರೇನ್ರಿ ಎಲ್ಲಾರೂ? ಆ ಮನಿ ಐತಿ ಅಂತ ಒಪ್ಪಿದ್ರು."