ಅಡುಗೆಮನೆ ಮಾಡಿನ ತಗಡು

ಶುಕ್ರವಾರ ಮಗಳು ಜೋಖಾಳನ್ನು ಕೇಳಲು ಬರುವ ಹದಿನೆಂಟು ಮಂದಿಗೆ ಪೇಟೆಯ ಮೀನು ಬಡಿಸುವ ಮಾತೇ ಇಲ್ಲ. ತನ್ನ ಕೈಯಾರೆ ಹೆಣೆದ ಕೂಳಿಬುಟ್ಟಿಯಲ್ಲಿ, ತಾನೇ ಹಿಡಿದ ಚಂಗು ಮೀನು, ಹರಿವಾಣಕ್ಕೆ ಎರಡೆರಡರಂತೆ, ತಲೆಬಾಲ ಸಮೇತ ಬಡಿಸುವುದು. ಹೀಗೆಂದು ಫಾಕಿ ಶಾಮೆ ಸೋಮವಾರ ಮಸೀದಿ ಜಗಲಿಯ ಮೇಲೆ ಕಾಫಿ ಬಟ್ಟಲು ಹಿಡಿದು ದ್ವೀಪದ ಮಿಕೊಕೊನಿ ಊರಿಗೆಲ್ಲ ಕೇಳುವಂತೆ ಸಾರಿದ.

ಹೆಂಡತಿಯ ಅಣ್ಣ ಕೊಂಬೊ ಎದುರಿಗೇ ಕೂತಿದ್ದ. "ಭಾವ, ಮೀನಿಗೂ ಒಂದು ಮಾತು ಹೇಳಿಟ್ಟಿದೀಯ ತಾನೆ? ಶುಕ್ರವಾರ ಅವಕ್ಕೆ ಬಿಡುವಿದೆಯೋ ಇಲ್ವೋ" ಎಂದ.

"ನನ್ನ ಜಾಗದ ಮೀನು ಹೇಳಿದ ದಿನ ಬರತ್ತೆ. ನಿನ್ನ ಜಾಗದ್ದಾದ್ರೆ ಕೈ ಹಿಡಿದು ಎಳೆದ್ರೂ ಬರಲ್ಲ."

ನನ್ನ ಜಾಗ. ಫಾಕಿಯ ಆಸ್ತಿಯೆಲ್ಲ ಈ ಎರಡು ಮಾತಿನಲ್ಲಿತ್ತು. ಮಿಕೊಕೊನಿಯ ಕೊಲ್ಲಿಯಲ್ಲಿ ಯಾರೂ ಕೂಳಿಯ ಮೇಲೆ ಗುರುತಿನ ಸೋರೆಬುರುಡೆ ತೇಲಿಬಿಡುವುದಿಲ್ಲ. ತೇಲಿಬಿಟ್ಟರೆ ಕಳ್ಳನಿಗೆ ಎಲೆ ಹಾಕಿ ಕರೆದಂತೆ. ಕಲ್ಲು ಕಟ್ಟಿ ಮುಳುಗಿಸಿ, ದಂಡೆಯ ಎರಡು ಗುರುತು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡು ಸುಮ್ಮನೆ ಬರಬೇಕು. ಆ ಗುರುತನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮಗನಿಗೂ ಕಟ್ಟಕಡೆಗೆ, ದನಿ ಅಡಗುವ ಹೊತ್ತಿಗೆ ಹೇಳುತ್ತಾರೆ. ಫಾಕಿಗೆ ಗಂಡುಮಕ್ಕಳಿಲ್ಲದ್ದರಿಂದ ಆ ಅಪಾಯವೂ ಇರಲಿಲ್ಲ.

ಅವನ ಮೊದಲ ಗುರುತು ಮಸೀದಿಯ ಮೂಲೆಯು ಉಪ್ಪುನೀರಿನ ಕಾಂಡ್ಲಾ ಕಾಡಿನ ತುದಿಗೆ ಕೂಡುವ ಗೆರೆ. ಅದನ್ನು ಅರ್ಧ ಊರೇ ಬಳಸುತ್ತಿತ್ತು. ಎರಡನೆಯದು ಮಾತ್ರ ಅವನ ಸ್ವಂತ ಬುದ್ಧಿಯ ಫಲ. ಅವನ ಮನೆಯ ಹಿಂಬದಿಯ ಅಡುಗೆಮನೆ ಕೊಲ್ಲಿಗೆ ಮುಖ ಮಾಡಿತ್ತು. ಅದರ ತೆಂಗಿನ ಮಡಲಿನ ಮಾಡಿನ ಮೇಲೆ ತೂತು ಮುಚ್ಚಲು ಹಾಕಿದ ಒಂದು ತಗಡಿತ್ತು. ಬೆಳಗಿನ ಬಿಸಿಲಿಗೆ ಅದು ಮೈಲು ದೂರಕ್ಕೂ ಮಿಂಚುತ್ತಿತ್ತು. ದೋಣಿಯಿಂದ ನೋಡುವಾಗ ಆ ಮಿಂಚು ಹಿಂದಿನ ಸೊಟ್ಟ ತೆಂಗಿನ ಮರದ ಬುಡಕ್ಕೆ ನೇರವಾಗಿ ಬಂದರೆ ದೋಣಿಯ ಕೆಳಗೇ ಫಾಕಿಯ ಕೂಳಿ. ಮನೆಯ ಮಾಡನ್ನೇ ಸಮುದ್ರದ ಬೀಗದಕೈ ಮಾಡಿಕೊಂಡವನು ಆ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ.

ಆದರೆ ಆ ತಗಡಿನ ಕೆಳಗೆ ಸಂಸಾರ ಮಾಡುತ್ತಿದ್ದವಳು ಅವನ ಹೆಂಡತಿ ರಿಜಿಕಿ. ತಗಡಿನ ಅಂಚಿನಿಂದ ಮಳೆನೀರು ಒಲೆಯ ಪಕ್ಕಕ್ಕೆ ಸುರಿಯುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅವಳು "ಆ ತಗಡು ಕಿತ್ತು ಹೊಸ ಮಡಲು ಹೊದಿಸಿ" ಎನ್ನುತ್ತಲೇ ಇದ್ದಳು. ಹತ್ತೊಂಬತ್ತು ವರ್ಷವೂ ಫಾಕಿಯ ಬಳಿ ಹೊಸ ಹೊಸ ಉತ್ತರವಿತ್ತು. ಬೇಸಿಗೆಯಲ್ಲಿ ಗರಿ ಒಣಗಿದೆ, ಹೆಣೆಯಲು ಬಾರದು. ಮಳೆಗಾಲದಲ್ಲಿ ಮಾಡು ಜಾರುತ್ತದೆ. ತಗಡು ತನ್ನ ತಂದೆಯ ನೆನಪು. ಒಂದು ವರ್ಷವಂತೂ ತಗಡಿನ ಮೇಲಿಂದ ಬಂದ ನೀರು ಬಿದ್ದರೆ ಬೇಳೆಗೆ ರುಚಿ ಎಂದುಬಿಟ್ಟ. ಅವಳು ನೀರು ಬೀಳುವಲ್ಲಿ ಒಂದು ಪಾತ್ರೆ ಇಟ್ಟಳು.

ಮಂಗಳವಾರ ಫಾಕಿ ಆರು ಹೊಸ ಕೂಳಿಗಳಿಗೆ ಎರೆಗೆಂದು ಜಜ್ಜಿದ ಕಡಲಮುಳ್ಳುಜೀವಿ ತುಂಬಿ ತನ್ನ ಜಾಗದಲ್ಲಿ ಮುಳುಗಿಸಿ ಬಂದ. ಬುಧವಾರ ಅಕ್ಕಿ, ಏಲಕ್ಕಿ, ತುಪ್ಪ ತರಲು ಪೇಟೆಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದ. ಗುರುವಾರ ಬೆಳಿಗ್ಗೆ ಮೊದಲ ಗಾಡಿಗೆ ಬಂದವನು ಮುಂಬಾಗಿಲಲ್ಲಿ ಮೂಟೆ ಇಳಿಸಿ, ನೀರು ಇಳಿಯುತ್ತಿದೆಯೆಂದು ನೇರ ದೋಣಿಗೆ ಓಡಿದ.

ಗಳ ಊರಿ ದೋಣಿಯನ್ನು ಕೊಲ್ಲಿಯ ನಡುವಿಗೆ ತಂದ. ಮಸೀದಿ ಮೂಲೆ ಕಾಂಡ್ಲಾ ತುದಿಗೆ ಕೂಡಿತು. ಸರಿ. ಇನ್ನು ತಗಡು. ತಿರುಗಿ ನೋಡಿದ. ತಗಡಿಲ್ಲ.

ಕಣ್ಣುಜ್ಜಿಕೊಂಡ. ಮತ್ತೆ ನೋಡಿದ. ಮಳೆ ಮುಗಿದ ತಿಂಗಳು. ಸಾಲಿನ ನಲವತ್ತು ಅಡುಗೆಮನೆಗಳೂ ಹೊಸ ಮಡಲು ಹೊದ್ದು ಒಂದೇ ಬಣ್ಣಕ್ಕೆ ಬಂದಿದ್ದವು. ಇಷ್ಟು ದಿನ ತಗಡಿನಿಂದಾಗಿ ನಾಚಿಕೆಗೆಟ್ಟು ನಿಂತಿದ್ದ ಅವನದೊಂದು ಈಗ ಆ ನಲವತ್ತರೊಳಗೆ ಮರ್ಯಾದಸ್ಥನಂತೆ ಸೇರಿಹೋಗಿತ್ತು. ಸೊಟ್ಟ ತೆಂಗನ್ನು ಹುಡುಕಿದ. ದೂರದಿಂದ ನೋಡಿದರೆ ಊರಿನ ತೆಂಗೆಲ್ಲ ಸೊಟ್ಟವೇ.

"ನನ್ನ ತಗಡು ಕದ್ದಿದ್ದಾರೆ" ಎಂದ, ಸಮುದ್ರಕ್ಕೆ. ಎಂಥ ಊರು ನೋಡಿ. ಒಬ್ಬ ಬಡವನ ಮನೆಯ ಮಾಡಿನ ಹಳೇ ತಗಡಿಗೂ ಕಣ್ಣು ಹಾಕುತ್ತಾರೆ.

ದೋಣಿಯಲ್ಲಿ ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಪಾತಾಳಗರಡಿ ಇತ್ತು. ಅಂದಾಜಿನ ಮೇಲೆ ಅದನ್ನು ಇಳಿಸಿ ಎಳೆಯತೊಡಗಿದ. ಒಮ್ಮೆ ಹೆಂಗಸರು ಕಡಲಪಾಚಿ ಬೆಳೆಯುವ ಹಗ್ಗ ಬಂತು. ಒಮ್ಮೆ ಒಂಟಿ ಚಪ್ಪಲಿ. ಮೂರನೆಯ ಬಾರಿ ಭಾರ ಬಿತ್ತು. ಕೂಳಿ. ಫಾಕಿಯ ಎದೆ ಉಬ್ಬಿತು. ಎಳೆದು ದೋಣಿಯ ಅಂಚಿಗಿಟ್ಟು ನೋಡಿದರೆ ಕೂಳಿಯ ಬಾಯಿಗೆ ಕೆಂಪು ಬಟ್ಟೆಯ ಗಂಟು. ಆ ಗಂಟು ಹಾಕುವವನು ಕೊಂಬೊ ಒಬ್ಬನೇ. ಕೊಂಬೊನ ದೋಣಿಯೂ ಆಗ ಮೂವತ್ತು ಮಾರು ದೂರದಲ್ಲಿತ್ತು.

"ಭಾವ," ಎಂದು ಕೊಂಬೊ ಕೂಗಿದ, ಬಹಳ ಪ್ರೀತಿಯಿಂದ. "ಕೈಲಿರೋದು ಯಾರ ಕೂಳಿ?"

ಇನ್ನೊಬ್ಬನ ಕೂಳಿ ಎತ್ತುವುದೆಂದರೆ ಆ ಕೊಲ್ಲಿಯಲ್ಲಿ ಇನ್ನೊಬ್ಬನ ಕೋಣೆಗೆ ನುಗ್ಗಿದಂತೆ. ಅರ್ಧ ಗಂಟೆಯಲ್ಲಿ ಫಾಕಿ ಮಸೀದಿ ಜಗಲಿಯ ಮುಂದೆ ನಿಂತಿದ್ದ. ಸೋಮವಾರ ಕೂತು ಸಾರಿದ್ದ ಅದೇ ಜಗಲಿ. ಕೂಳಿ ಎತ್ತಿದ ಜಗಳಕ್ಕೆಲ್ಲ ತೀರ್ಪು ಹೇಳುವ ಬಕಾರಿ ಅಜ್ಜ ಮೇಲೆ ಕೂತಿದ್ದ.

"ಹದಿನೆಂಟು ಮಂದಿಗೆ ಮೀನು ಹಾಕ್ತೀನಿ ಅಂದ," ಎಂದು ಕೊಂಬೊ ದೂರು ಶುರುಮಾಡಿದ. "ಯಾರ ಮೀನು ಅಂತ ಹೇಳಿರಲಿಲ್ಲ."

"ಮುಚ್ಚು ಬಾಯಿ. ನಾನು ಎತ್ತೋಕೆ ಹೋದದ್ದು ನನ್ನ ಕೂಳಿ."

"ನಿನ್ನ ಕೂಳಿ ಎಲ್ಲಿದೆಯಪ್ಪ?" ಎಂದ ಬಕಾರಿ ಅಜ್ಜ.

"ನೀರಲ್ಲಿ."

"ನೀರಲ್ಲಿ ಅಂದ್ರೆ ಎಲ್ಲಿ?"

"ಅದನ್ನ ಹೇಳಕ್ಕಾಗಲ್ಲ."

"ಹೇಳಲ್ವೋ, ಗೊತ್ತಿಲ್ವೋ?"

ಫಾಕಿಗೆ ಸಿಟ್ಟು ನೆತ್ತಿಗೇರಿತು. ಕೋಪ ಬಂದಾಗ ಅವನ ನಾಲಿಗೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಹೋಗುತ್ತಿತ್ತು. "ತಗಡು ಕದ್ದರೆ ಹೇಗೆ ಗೊತ್ತಾಗತ್ತೆ ಅಜ್ಜ? ಅಡುಗೆಮನೆ ಮೇಲಿನ ತಗಡು ಇದ್ದಿದ್ರೆ ನಾನ್ಯಾಕೆ ಇವನ ದರಿದ್ರ ಕೂಳಿ ಮುಟ್ತಿದ್ದೆ?"

ಹತ್ತೊಂಬತ್ತು ವರ್ಷ ಹೆಂಡತಿಗೂ ಹೇಳದ ಗುಟ್ಟು ಇಪ್ಪತ್ತು ಗಂಡಸರ ಕಾಫಿ ಬಟ್ಟಲಿನೊಳಗೆ ಬಿದ್ದಿತ್ತು. ಮೊದಲು ನಕ್ಕವನು ಕೊಂಬೊ. ನಗುತ್ತಲೇ ಜಗಲಿಯ ಕಂಬ ಹಿಡಿದುಕೊಂಡ.

"ಕದ್ದಿಲ್ಲ ಭಾವ. ನಿನ್ನೆ ನಾನೇ ಕಿತ್ತೆ. ಬೀಗರು ಬರೋರಿದ್ದಾರೆ, ನೀನು ಊರಲ್ಲಿಲ್ಲ, ಈಗಲೇ ಹೊದಿಸಿಕೊಡು ಅಂತ ತಂಗಿ ಅಂದ್ಲು. ತಗಡು ಚೆನ್ನಾಗಿದೆ. ನಮ್ಮ ಬಾತುಕೋಳಿ ಗೂಡಿನ ಮೇಲಿದೆ."

ಬಕಾರಿ ಅಜ್ಜ ತೀರ್ಪು ಕೊಟ್ಟ. ಎತ್ತಿದ ಕೂಳಿ ಕೊಂಬೊನಿಗೆ ವಾಪಸ್ಸು. ಶುಕ್ರವಾರ ನಮಾಜಿನ ಹೊತ್ತಿನೊಳಗೆ ಫಾಕಿ ತನ್ನ ಆರು ಕೂಳಿ ಎತ್ತಿ ತೋರಿಸಬೇಕು. ತೋರಿಸದಿದ್ದರೆ ಅವನು ಕಳ್ಳ. ಕಳ್ಳನ ಮನೆಗೆ ಹೆಣ್ಣು ಕೇಳಲು ಯಾರೂ ಬರುವುದಿಲ್ಲ.

ಫಾಕಿ ಮನೆಗೆ ಬಿರುಗಾಳಿಯಂತೆ ನುಗ್ಗಿದ. ರಿಜಿಕಿ ತೆಂಗಿನಕಾಯಿ ತುರಿಯುತ್ತಿದ್ದಳು. ಮೇಲೆ ಹೊಸ ಮಾಡು ಹಸಿ ಗರಿಯ ವಾಸನೆ ಬೀರುತ್ತಿತ್ತು.

"ಯಾರನ್ನ ಕೇಳಿ ತೆಗೆಸಿದೆ?"

"ಹತ್ತೊಂಬತ್ತು ವರ್ಷದಿಂದ ನಿಮ್ಮನ್ನೇ ಕೇಳ್ತಿದ್ದೆ."

"ಅಡುಗೆಮನೇಲಿ ಕೂತ್ಕೊಂಡು ಸಮುದ್ರದಲ್ಲಿರೋ ಮೀನು ಕಳೆದವಳು ನೀನೊಬ್ಳೇ ಕಣೇ, ಈ ಭೂಮಿ ಮೇಲೆ."

"ಬೀಗರು ಬಂದಾಗ ಒಲೆ ಪಕ್ಕ ಪಾತ್ರೆ ಇಟ್ಟಿರೋದು ತೋರಿಸ್ಬೇಕಿತ್ತಾ, ಜೋಖಾನಪ್ಪ? ಅದೇ ಗುರುತು ಅಂತ ಒಂದು ಮಾತು ಬಾಯಿ ಬಿಟ್ಟಿದ್ರೆ ನಾನು ಮುಟ್ಟಿಸ್ತಿದ್ನಾ?"

ಮಾತಿನಲ್ಲಿ ಸೋತಾಗ ಫಾಕಿ ಏನಾದರೂ ಮಾಡಿಯೇ ತೀರುವ ಜಾತಿ. ಕೊಂಬೊನ ಹಿತ್ತಲಿಗೆ ಹೋಗಿ ಗೂಡಿನ ಮೇಲಿನ ತಗಡನ್ನು ಕಿತ್ತ. ಎಂಟು ಬಾತುಕೋಳಿಗಳು ಅವನನ್ನು ಬೈಯುತ್ತ ಬೀದಿಗೆ ಓಡಿದವು. ತಗಡು ಹೊತ್ತು ತಂದು ಮಾಡು ಹತ್ತಿದ. ಹಳೆಯ ಮಾಡಾಗಿದ್ದರೆ ಎಲ್ಲಿ ಕಾಲಿಡಬೇಕೆಂದು ಗೊತ್ತಿತ್ತು; ಹೊಸದರಲ್ಲಿ ಅಡ್ಡಪಟ್ಟಿಗಳು ಬೇರೆ ಕಡೆ ಇದ್ದವು. ಎರಡನೆಯ ಹೆಜ್ಜೆಗೆ ಬಲಗಾಲು ತೊಡೆಯವರೆಗೆ ಒಳಗಿಳಿಯಿತು.

ಒಳಗಿನಿಂದ ರಿಜಿಕಿಯ ದನಿ ನಿಧಾನವಾಗಿ ಬಂತು. "ಕಾಲು ಬಂತು. ಮೀನು ಯಾವಾಗ ಬರತ್ತೆ?"

"ಎಳೀಬೇಡ ಅದನ್ನ. ಮೇಲಿಂದ ತೆಗೀತೀನಿ."

"ತೆಗೀರಿ. ತೆಗೆದು ನಾಳೆ ಬೆಳಿಗ್ಗೆ ಸುಮ್ನೆ ದೋಣಿ ಹತ್ತಿ. ತಗಡೂ ಬೇಡ, ತೆಂಗೂ ಬೇಡ. ನಾನು ಈ ಬಾಗಿಲಲ್ಲಿ ನಿಂತಿರ್ತೀನಿ. ನನ್ನ ಸೆರಗು ಯಾವ ಕಡೆ ಬೀಸತ್ತೋ ಆ ಕಡೆ ಹೋಗಿ."

"ನೀನು ನನಗೆ ಸಮುದ್ರ ತೋರಿಸ್ತೀಯಾ?"

"ಬೇರೆ ಯಾರಾದ್ರೂ ತೋರಿಸೋರಿದ್ರೆ ಅವರನ್ನೇ ಕೇಳಿ."

ಬೇರೆ ಯಾರೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ದಂಡೆಯ ಮೇಲೆ ಊರಿನ ಗಂಡಸರೆಲ್ಲ ಸೇರಿದ್ದರು. ಬಕಾರಿ ಅಜ್ಜನಿಗೆ ಕುರ್ಚಿಯನ್ನೇ ತಂದು ಹಾಕಿದ್ದರು. ರಿಜಿಕಿ ಅಡುಗೆಮನೆ ಬಾಗಿಲ ಎಡಗಂಬಕ್ಕೆ ಬೆನ್ನು ಕೊಟ್ಟು, ಸೆರಗಾಗಿ ಹೊದೆಯುವ ಕೆಂಪು ಕಾಂಗಾ ಬಟ್ಟೆ ಹಿಡಿದು ನಿಂತಳು. ಬಟ್ಟೆ ಎಡಕ್ಕೆ ಬೀಸಿದರೆ ದೋಣಿ ಎಡಕ್ಕೆ. ಬಲಕ್ಕೆ ಬೀಸಿದರೆ ಬಲಕ್ಕೆ. ಹತ್ತೊಂಬತ್ತು ವರ್ಷ ಅವಳ ಮಾತಿಗೆ ಒಂದಿಂಚು ಅಲುಗದ ಫಾಕಿ ಬಟ್ಟೆಯ ತುದಿಗೆ ಗಾಳಿಪಟದಂತೆ ಆಡಿದ. ದಂಡೆಯ ನಗು ನೀರಿನ ಮೇಲೆ ಹಾದು ಬಂದು ಅವನ ಕಿವಿಗೆ ಬಡಿಯುತ್ತಿತ್ತು. ಗಳವನ್ನು ಕೊಲ್ಲಿಯ ತಳಕ್ಕೆ ಚುಚ್ಚುವಾಗ ಅವನು ಒಬ್ಬೊಬ್ಬರ ಹೆಸರು ಹಿಡಿದು ಚುಚ್ಚಿದ.

ಇದ್ದಕ್ಕಿದ್ದಂತೆ ಬಟ್ಟೆ ಕೆಳಗಿಳಿಯಿತು. ರಿಜಿಕಿ ಬೆನ್ನು ತಿರುಗಿಸಿ ಒಳಗೆ ಹೋಗಿಬಿಟ್ಟಳು.

ನಡುನೀರಿನಲ್ಲಿ ಗಂಡನನ್ನು ಬಿಟ್ಟು ಒಳಗೆ ಹೋಗುವುದೇ? ಊರಿನ ಮುಂದೆ? ಫಾಕಿ ಆ ಸಿಟ್ಟಿಗೇ ಪಾತಾಳಗರಡಿಯನ್ನು ನೀರಿಗೆ ಎಸೆದ. ಅದು ಸಿಕ್ಕಿಕೊಂಡಿತು. ಎಳೆದ. ಅವನ ಕೂಳಿ, ಅವನ ಹೆಣಿಗೆ, ಒಳಗೆ ಆರು ಚಂಗು ಬಡಿದಾಡುತ್ತಿದ್ದವು. ಎರಡನೆಯದು ಅದರ ಪಕ್ಕದಲ್ಲೇ. ಆರನೆಯದನ್ನು ಎತ್ತುವ ಹೊತ್ತಿಗೆ ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಲೆಯೆತ್ತಿದಾಗ ಅವನ ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. ಆಮೇಲೆ ಪಕ್ಕದ ಮನೆಯಿಂದ. ಆಮೇಲೆ ಸಾಲಿನುದ್ದಕ್ಕೂ. ಬೀಗರ ಅಡುಗೆಗೆ ಊರೆಲ್ಲ ಕೈಜೋಡಿಸಿದೆ ಎಂದುಕೊಂಡಾಗ ಅವನ ಸಿಟ್ಟು ಒಂದು ಕ್ಷಣ ಇಳಿಯಿತು.

ಬೀಗರು ಬಂದರು, ಉಂಡರು, ಹೆಣ್ಣು ಒಪ್ಪಿಗೆ ಎಂದರು. ಹುಡುಗನ ತಂದೆ ಬೆರಳು ಚೀಪುತ್ತ, "ಇಂಥ ಮೀನು ಯಾವ ಕಡೆ ಸಿಗತ್ತೆ?" ಎಂದು ಕೇಳಿದ. ಫಾಕಿ ಗಡ್ಡ ನೀವಿಕೊಂಡು, "ಅದನ್ನ ಹೇಳೋ ಪದ್ಧತಿ ನಮ್ಮಲ್ಲಿಲ್ಲ" ಎಂದ. ಕೊಂಬೊ ಊಟದ ನಡುವೆ ಕೆಮ್ಮಿ ಕೆಮ್ಮಿ ನೀರು ಕುಡಿದ.

ಶನಿವಾರ ಮಾಡಿನ ತೂತು ಮುಚ್ಚಬೇಕಾಯಿತು. ಮನೆಯಲ್ಲಿ ಮಡಲು ಮುಗಿದಿತ್ತು. ಇದ್ದದ್ದು ಆ ತಗಡೊಂದೇ. ಫಾಕಿ ಮೇಲೆ ಕೂತು ಕಟ್ಟುತ್ತಿದ್ದ, ರಿಜಿಕಿ ಕೆಳಗಿನಿಂದ ನಾರಿನ ಹಗ್ಗ ಕೊಡುತ್ತಿದ್ದಳು.

"ಜೋಖಾನಮ್ಮ, ನಿಜ ಹೇಳು. ನನ್ನ ಜಾಗ ನಿನಗೆ ಯಾರು ಹೇಳಿದ್ರು?"

"ಹೇಳೋದೇನಿದೆ. ಈ ಕಂಬಕ್ಕೆ ಬೆನ್ನು ಕೊಟ್ಟು ನಿಂತ್ರೆ ನಿಮ್ಮ ದೋಣಿ ಬಂದು ನೀರಲ್ಲಿರೋ ಆ ಮೋಟು ಬಂಡೆ ನೆತ್ತಿ ಮೇಲೆ ನಿಂತ ಹಾಗೆ ಕಾಣತ್ತೆ. ಆಗ ಅಕ್ಕಿ ಇಡ್ತೀನಿ. ನೀವು ಎತ್ತಿ ಬರೋ ಹೊತ್ತಿಗೆ ಅನ್ನ ಆಗಿರತ್ತೆ. ಮದುವೆಯಾದ ವರ್ಷದಿಂದ ಹಾಗೇ."

ಫಾಕಿ ಹಗ್ಗದ ಗಂಟು ಅರ್ಧಕ್ಕೇ ಬಿಟ್ಟು ಮಾಡಿನ ಅಂಚಿಗೆ ಬಗ್ಗಿದ. ಆಮೇಲೆ ದನಿ ತಗ್ಗಿಸಿ ಕೇಳಿದ. "ಬೇರೆ ಯಾರಿಗೂ ಬಾಯಿ ಬಿಟ್ಟಿಲ್ಲ ತಾನೆ?"

"ನಾನ್ಯಾಕೆ ಬಿಡ್ಲಿ? ನೀವು ತಿರುಗಿದ ಮೇಲೇ ತಾನೆ ಉಳಿದ ದೋಣಿ ತಿರುಗೋದು. ನಮ್ಮ ಮನೆ ಹೊಗೆ ಎದ್ದದ್ದು ನೋಡಿ ಅವರೂ ಅಕ್ಕಿ ಇಡ್ತಾರೆ, ಅಷ್ಟೆ."

"ಅಂದ್ರೆ ಹತ್ತೊಂಬತ್ತು ವರ್ಷ ನಾನು ಗುಟ್ಟಾಗಿ ಹೋಗಿದ್ದು ನಿಮ್ಮ ಅನ್ನಕ್ಕೆ ಗಂಟೆ ಹೊಡಿಯೋಕಾ? ಸಾಕು. ನಾಳೆಯಿಂದ ಜಾಗ ಬದಲಾಯಿಸ್ತೀನಿ."

ರಿಜಿಕಿ ಇನ್ನೊಂದು ಹಗ್ಗ ಮೇಲಕ್ಕೆ ಚಾಚಿದಳು.

"ಬದಲಾಯಿಸಿ. ಆದ್ರೆ ಹಿಂದಿನ ದಿನವೇ ಒಂದು ಮಾತು ಹೇಳಿಬಿಡಿ. ನಲವತ್ತು ಮನೆ ಅನ್ನ ಸೀದುಹೋದ್ರೆ ಅವರಿಗೆಲ್ಲ ನಾನು ಉತ್ತರ ಕೊಡಬೇಕಾಗತ್ತೆ."