ಮೊಮ್ಮಗಳಿಗೆ ಮಾವನ ಗಂಟಲು

ನಮ್ಮ ಸೋದರಮಾವ ಚಂದ್ರಾ ಲೇಔಟಿನ ಮನೆಯಲ್ಲಿ ಕೂತು ಗುಟ್ಟು ಹೇಳಿದರೆ ವಿಜಯನಗರದವರು "ಹೌದಾ?" ಎನ್ನುತ್ತಾರೆ. ಉತ್ಪ್ರೇಕ್ಷೆ ಎನ್ನುವವರು ಒಮ್ಮೆ ಅವರ ಪಕ್ಕ ಕೂತು ನೋಡಲಿ. ಆ ಕಡೆಯ ಕಿವಿಯ ಆಸೆ ಬಿಟ್ಟಿದ್ದರೆ ಸಾಕು! ಕೆಲಸದಲ್ಲಿದ್ದಾಗ ಫ್ಯಾಕ್ಟರಿಯ ಪೌರಾಣಿಕ ನಾಟಕಗಳಲ್ಲಿ ರಾಕ್ಷಸರ ಪಾತ್ರಕ್ಕೆ ಇವರೇ ಕಾಯಂ. ಫ್ಯಾಕ್ಟರಿ ಇವರನ್ನು ನಿವೃತ್ತಿ ಮಾಡಿತು, ರಾಕ್ಷಸರು ಮಾಡಲಿಲ್ಲ.

ಇಂಥವರಿಗೆ ಮಾತೇ ಆಡದ ಮೊಮ್ಮಗಳು. ಏಳು ವರ್ಷ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿಂದ ಪದ ಹೊರಡುವುದಿಲ್ಲ. ಏನಾದರೂ ಬೇಕಾದರೆ ಕೈಹಿಡಿದು ಎಳೆಯುತ್ತಿದ್ದಳು. ಏನೆಂದು ನಮಗೆ ತಿಳಿಯದಿದ್ದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ನಮ್ಮ ಬಂಧುಬಳಗದಲ್ಲಿ ತಜ್ಞರಿಗೇನು ಬರವೇ? ಬಜೆ ತೇಯ್ದು ನೆಕ್ಕಿಸಿ ಎಂದರು. ಹರಕೆ ಹೊತ್ತುಕೊಳ್ಳಿ ಎಂದರು. ಕೊನೆಗೆ ವಿಶೇಷ ಮಕ್ಕಳ ಶಾಲೆಯ ಟೀಚರ್ ಟ್ಯಾಬಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಲೋಟದ ಚಿತ್ರ ಒತ್ತಿದರೆ "ನೀರು ಬೇಕು" ಎನ್ನುತ್ತದೆ.

ಕೂಡಲೇ ತಜ್ಞರ ಎರಡನೇ ಸಭೆ! "ಮೆಷಿನ್ನೇ ಮಾತಾಡಿದ್ರೆ ಮಗು ಯಾಕೆ ಬಾಯ್ಬಿಡುತ್ತೆ?"

ಟೀಚರ್ ಸಮಾಧಾನವಾಗಿಯೇ ಹೇಳಿದರು: "ಇದ್ರಿಂದ ಮಾತು ನಿಲ್ಲಲ್ಲ ಸಾರ್. ಹೇಳ್ಕೊಳ್ಳೋಕೆ ಅವ್ಳಿಗೂ ಒಂದು ದಾರಿ ಬೇಡ್ವಾ?"

ಹುಡುಗಿ ಲೋಟ ಒತ್ತಿದಳು, ನೀರು ಬಂತು. ಗೋಡೆಗೆ ಬೀಳುವ ಪೆಟ್ಟು ಕಡಿಮೆಯಾಗುತ್ತ ಬಂತು. ತಜ್ಞರು ಮಾತ್ರ ಬರುವುದು ಕಡಿಮೆ ಮಾಡಲಿಲ್ಲ.

ಮಾವನಿಗೆ ಆ್ಯಪ್ ಹಿಡಿಸಿತು, ಅದರ ದನಿ ಹಿಡಿಸಲಿಲ್ಲ. "ಮೆಟ್ರೋಲಿ ಬಾಗ್ಲು ಮುಚ್ಚುತ್ತೆ ಅಂತ ಹೆದರಿಸ್ತಾಳಲ್ಲ, ಅವ್ಳ ಥರ ಇದೆ ಕಣೋ! ಮಗು ನೀರು ಕೇಳ್ತಿದ್ಯೋ, ಮುಂದಿನ ಸ್ಟೇಷನ್ ಹೇಳ್ತಿದ್ಯೋ?"

ಮನೆಯವರ ದನಿಯನ್ನೂ ಹಾಕಬಹುದು ಎಂದು ಟೀಚರ್ ಬಾಯಿತಪ್ಪಿ ಹೇಳಿಬಿಟ್ಟರು.

"ಅಪ್ಪಾ, ಪಕ್ಕದ್ಮನೆ ಹುಡ್ಗಿ ಹತ್ರ ಹೇಳಿಸ್ತೀನಿ. ಇವ್ಳ ವಯಸ್ಸಿನ ದನಿ ಇರ್ಲಿ," ಎಂದಳು ಮಾವನ ಮಗಳು, ಅಂದರೆ ಹುಡುಗಿಯ ಅಮ್ಮ.

"ಪಕ್ಕದ್ಮನೆಯವ್ರ ಹತ್ರ ಸಕ್ಕರೆ ಸಾಲ ತರ್ತಾರೆ, ಗಂಟ್ಲು ತರ್ತಾರೇನೇ?"

ಎಲ್ಲ ಚಿತ್ರಗಳಿಗೂ ದನಿ ಕೊಡಲು ಮಾವನೇ ಕೂತರು. ಬಿಸಿನೀರು ಮುಕ್ಕಳಿಸಿ, ಫ್ಯಾನ್ ಆರಿಸಿ, ಎದೆಯುಬ್ಬಿಸಿ "ನೀರು ಬೇಕು!" ಎಂದರು. ಲೋಟವನ್ನಲ್ಲ, ಕಾವೇರಿಯನ್ನೇ ಕೇಳಿದಂತಿತ್ತು!

ಮುಂದಿನ ಭಾನುವಾರ ದರ್ಶಿನಿ ಹೋಟೆಲಿಗೆ ಹೋದೆವು. ಎರಡು ಜಡೆಯ ನಮ್ಮ ಪುಟ್ಟ ಹುಡುಗಿ ಟ್ಯಾಬಿನ ಮೇಲೆ ಬೆರಳೊತ್ತಿದಳು. "ಇನ್ನೂ ಬೇಕು!" ಎಂದು ರಾಕ್ಷಸ ಗರ್ಜಿಸಿದ. ಟೇಬಲ್ ಒರೆಸುತ್ತಿದ್ದವನು ಬೆಚ್ಚಿ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದ. "ಯಾರ್ ಸಾರ್ ಅದು?" ಅವಳನ್ನು ತೋರಿಸಿದೆವು. ಪಾಪ, ಕೇಳದಿದ್ದರೂ ಚಟ್ನಿಯನ್ನೂ ತಂದಿಟ್ಟ.

ಹೇರೋಹಳ್ಳಿಯ ಗೃಹಪ್ರವೇಶದಲ್ಲಂತೂ ಮನೆಯೊಡೆಯರು ತಮ್ಮ ಇಟಾಲಿಯನ್ ಮಾರ್ಬಲ್ಲಿನ ವಂಶಾವಳಿ ಹೇಳುತ್ತಲೇ ಇದ್ದರು. ಊಟದ ಸುದ್ದಿಯೇ ಇಲ್ಲ. ಆಗ ಹಾಲ್ ನಡುಗುವಂತೆ ದನಿ ಬಂತು: "ಸಾಕು! ಮನೆಗೆ ಹೋಗೋಣ!" ಒಡೆಯರು ಮಾವನತ್ತ ಕೆಂಗಣ್ಣು ಬಿಟ್ಟರು. ಮಾವನೋ, ಬಾಯಲ್ಲಿ ತಮ್ಮ ಸಂಚಿಯ ಎಲೆಯಡಿಕೆ ತುಂಬಿಕೊಂಡು ನಿರಪರಾಧಿಯಾಗಿ ಕೂತಿದ್ದರು! ನಾವೆಲ್ಲ ನಾಚಿಕೆಯಿಂದ ತಲೆ ತಗ್ಗಿಸಿದೆವು, ಮನಸ್ಸಿನಲ್ಲೇ ಹುಡುಗಿಗೆ ಕೈಮುಗಿದೆವು.

ಹೋದ ತಿಂಗಳು ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸಕ್ಕರೆ ಕಾಯಿಲೆ ಇದೆಯೆಂದು ಒಂದು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಸಂಜೆ ನಾನು ಮನೆಗೆ ಹೋದಾಗ ಹುಡುಗಿ ಲೋಟ ಒತ್ತುತ್ತಿದ್ದಳು. "ನೀರು ಬೇಕು!" ಅಮ್ಮ ಕೊಟ್ಟಳು. ಕುಡಿಯಲಿಲ್ಲ. "ನೀರು ಬೇಕು!" ಮತ್ತೆ ಕೊಟ್ಟಳು, ಮುಟ್ಟಲೂ ಇಲ್ಲ.

"ಏನ್ ಬೇಕು ಪುಟ್ಟಾ ನಿಂಗೆ?" ಎಂದು ಅಮ್ಮ ರೇಗುವಷ್ಟರಲ್ಲಿ ಹುಡುಗಿ ಟ್ಯಾಬನ್ನು ಎತ್ತಿ ಕೆನ್ನೆಗೆ ಆನಿಸಿಕೊಂಡಳು. ಹಾಗೇ ಲೋಟ ಒತ್ತಿ ಕಣ್ಣು ಮುಚ್ಚಿದಳು. ಅವಳಿಗೆ ಬಾಯಾರಿರಲಿಲ್ಲ.

ಮರುದಿನ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ಹುಡುಗಿ ಟ್ಯಾಬನ್ನು ಸೋಫಾದ ಮೇಲೆ ಬಿಟ್ಟು ಓಡಿಬಂದು ಅವರ ತೊಡೆಯೇರಿ ಕೂತಳು. ತೋರುಬೆರಳಿನಿಂದ ಅವರ ತುಟಿ ಒತ್ತಿದಳು. ಮಾವನಿಗೆ ತಿಳಿಯಲಿಲ್ಲ. ಮತ್ತೆ ಒತ್ತಿದಳು.

"ನೀರು ಬೇಕು ಅನ್ನಿ ಅಪ್ಪಾ," ಎಂದಳು ಮಗಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ನೀರು ಬೇಕು," ಎಂದರು ಮಾವ.

ಹುಡುಗಿ ಕಿಲಕಿಲ ನಕ್ಕು, ಇನ್ನೊಮ್ಮೆ ಒತ್ತಿದಳು.