ಜಪಾನಿನವರಿಗೆ ಹೇಳಿದ ‘ಬಹುದು’

ಹೆದರುವವನ ಮೇಲೆ ಕಪ್ಪೆ ಎಸೆದಂತೆ ಅನ್ನುತ್ತಾರಲ್ಲ, ನನ್ನ ನೌಕರಿಯುದ್ದಕ್ಕೂ ಯಾರಾದರೊಬ್ಬರು ಕಪ್ಪೆ ಎಸೆಯುತ್ತಲೇ ಇದ್ದರು.

೧. ಒಂದೇ ಮಾತಿನ ಪಂಡಿತ

ಎಪ್ಪತ್ತರ ದಶಕ. ಹೊಸಪೇಟೆಯ ಒಂದು ಅದಿರು ಕಂಪನಿಯಲ್ಲಿ ನಾನು ಗುಮಾಸ್ತ. ಸಂಡೂರಿನ ಅದಿರು ಜಪಾನಿಗೆ ಹೋಗುತ್ತಿತ್ತು. ಅಲ್ಲಿಂದ ಮೂವರು ಇಂಜಿನಿಯರುಗಳು ಬರುತ್ತಾರೆಂದಾಗ ಸಾಹೇಬರು ನನ್ನನ್ನು ಕರೆದರು. ಮದ್ರಾಸಿನಲ್ಲಿದ್ದಾಗ ನಾನು ಸ್ವಲ್ಪ ದಿನ ಜಪಾನಿ ಭಾಷೆ ಕಲಿತಿದ್ದೆ.

"ಅವರ ಸಂಗಡ ನೀನಾ ಇರಬೇಕು. ಏನರೆ ತಪ್ಪು ಹೇಳಿದ್ಯೋ, ನೌಕರಿ ಹೋತು ನೋಡು."

ಅವತ್ತಿನಿಂದ ಪ್ರತಿ ಮಾತಿನ ಬಾಲಕ್ಕೂ ‘ಕಮೊ ಶಿರೆಮಾಸೆನ್’ ಕಟ್ಟತೊಡಗಿದೆ. ನಮ್ಮ ‘ಬಹುದು’ ಇದ್ದ ಹಾಗೆ. ಜೀಪು ಬರಬಹುದು, ಊಟ ಸಿದ್ಧವಿರಬಹುದು. ‘ಬಹುದು’ ಅಂದವನ ತಪ್ಪನ್ನು ಯಾರು ಹಿಡಿದಾರು? ಅವರ ಮುಖ್ಯಸ್ಥರು ನನ್ನ ಹೆಸರು ಕೇಳಿದಾಗ, ಹೆಸರು ಹೇಳಿ ಅದಕ್ಕೂ ‘ಇರಬಹುದು’ ಸೇರಿಸಿಬಿಟ್ಟೆ.

೨. ಮಿರ್ಚಿ

ಬೆಳಿಗ್ಗೆ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬಂತು. "ಖಾರ ಇರಬಹುದು" ಅಂದೆ. ಬರೀ ಬಹುದು ತಾನೆ ಅಂದುಕೊಂಡ ಮುಖ್ಯಸ್ಥರು ಒಂದನ್ನು ಇಡಿಯಾಗಿ ಬಾಯಿಗಿಟ್ಟರು. ಕಣ್ಣಲ್ಲಿ ದಳದಳ ನೀರು.

ಹೋಟೆಲಿನವನು ಮರುಗಿದ: "ಪಾಪ, ಮನಿ ನೆನಪಾತೇನ್ರೀ ಅವರಿಗೆ?"

೩. ಸೀಟಿ

ಸಂಡೂರಿನ ಗಣಿಯಲ್ಲಿ ಬಂಡೆ ಸಿಡಿಸುವ ಹೊತ್ತು. ಕೆಂಪು ಬಾವುಟ ಏರಿತು, ಸೀಟಿ ಊದಿದರು. ಆಗಲೂ ಖಚಿತವಾಗಿ ಹೇಳಲು ಬಾಯಿ ಬಾರದೆ "ಸಿಡಿಯಬಹುದು" ಅಂದೆ. ಮಿರ್ಚಿ ತಿಂದವರಲ್ಲವೇ! ಮೂವರೂ ಓಡಿಹೋಗಿ ಲಾರಿಯ ಕೆಳಗೆ ತೂರಿಕೊಂಡರು. ಅಲ್ಲಿ ನಾನು ಮೊದಲೇ ಇದ್ದೆ.

೪. ಹರಿಗೋಲು

ಕೊನೆಯ ದಿನ ಹಂಪಿ ನೋಡಲು ಸಾಹೇಬರೂ ಬಂದರು. ಹರಿಗೋಲಿನಲ್ಲಿ ಆಚೆ ದಂಡೆಗೆ ಹೋಗಬೇಕು. ಹೊಳೆ ತುಂಬಿತ್ತು. ಬಕೆಟ್ಟಿನ ನೀರಿಗೂ ಹೆದರುವವನು ನಾನು. ಮುಖ್ಯಸ್ಥರು "ಏನೂ ಭಯವಿಲ್ಲ ತಾನೆ?" ಅಂದಾಗ ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು: "ಮುಳುಗಬಹುದು."

ನಾನು ‘ಬಹುದು’ ಅಂದದ್ದೆಲ್ಲ ಆಗಿಯೇ ತೀರುತ್ತದೆಂದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಮೂವರೂ ಬಂಡೆಯ ಮೇಲೆ ಕುಳಿತುಬಿಟ್ಟರು.

ನಾನು ಏನಂದೆನೆಂದು ನನ್ನಿಂದಲೇ ಕೇಳಿ ತಿಳಿದು ಸಾಹೇಬರು ಹಲ್ಲು ಕಡಿದರು. "ಮುಳುಗಂಗಿಲ್ಲ ಅಂತ ನೀನಾ ಕುಂತು ತೋರಿಸು. ಇಲ್ಲಾಂದ್ರ ನಾಳಿಂದ ಆಫೀಸಿಗೆ ಬರಬ್ಯಾಡ."

ಹೆಂಡತಿ ಮಕ್ಕಳ ಮುಖ ನೆನೆದು ಒಬ್ಬನೇ ಹತ್ತಿದೆ. ಹುಟ್ಟು ಹಿಡಿದು ಕಾಯುತ್ತಿದ್ದವನು ದಂಡೆ ಬಿಟ್ಟ. ನಡುಹೊಳೆಗೆ ಹೋದದ್ದೇ ಹರಿಗೋಲು ಬುಗುರಿಯಂತೆ ಸುತ್ತತೊಡಗಿತು. ದಂಡೆಯಲ್ಲಿ ಜಪಾನಿನವರು ಚಪ್ಪಾಳೆ ತಟ್ಟಿ ಫೋಟೊ ತೆಗೆಯುತ್ತಿದ್ದರು. "ಸಾಕಪ್ಪಾ, ಸುತ್ತಿಸಬ್ಯಾಡ!" ಎಂದು ಹುಟ್ಟು ಹಾಕುತ್ತಿದ್ದವನಿಗೆ ಕೈಮುಗಿದೆ.

ಅವನು ಹುಟ್ಟನ್ನು ಕೆಳಗಿಟ್ಟು ನನಗೇ ಕೈಮುಗಿದ.

"ನಾ ಸುತ್ತಸಾಕತ್ತಿಲ್ರೀ, ಅದಾ ಸುತ್ತಾಕತ್ತೈತಿ! ಹರಗೋಲು ನಮ್ಮ ಭಾವಂದು, ಅಂವ ಉಣ್ಣಾಕ ಹೋಗ್ಯಾನ. ನಾ ಎಮ್ಮಿಗನೂರಿಂದ ನಿನ್ನಿ ಬಂದೀನಿ. ನಿಮಗ ಈಜು ಬರ್ತೈತಲ್ರೀ? ಹೋಗೋವಾಗ ನನ್ನೂ ಎಳ್ಕೊಂಡು ಹೋಗ್ರಿ!"